ಸತ್ತ ಹಕ್ಕಿ: ಸೊನ್ನೆ

ಬಂಡಳ್ಳಿ ಬಳಿಯ ಗುಡ್ಡದ ಮೇಲೆ 2003ರ ಶ್ರಾವಣದಲ್ಲಿ ಎದ್ದ ಪ್ರಶ್ನೆ ಸಾಮಾನ್ಯದ್ದಲ್ಲ: ಕಾವಲುಗಾರ ಗುರುಮಲ್ಲಪ್ಪ ಕಾಸಿಕೊಡುವ ಟೀ ಕೆಲವು ದಿನ ಮಾತ್ರ ಹಾಲಿಲ್ಲದೆ ಕಪ್ಪಗಿರುತ್ತಿತ್ತು, ಯಾಕೆ?

ಕೇಳಿದವರು ಕುಸುಮ, ಹಕ್ಕಿಗಳ ವಿಜ್ಞಾನಿ. ಇಪ್ಪತ್ತು ವರ್ಷದ ಹಿಂದೆ ಯಳಂದೂರಿನಲ್ಲಿ ಬಸ್ಸಿಳಿದು ಬಿಳಿಗಿರಿ ಬೆಟ್ಟ ಹತ್ತಿದವರು ಇನ್ನೂ ಬೈನಾಕ್ಯುಲರ್ ಕೆಳಗಿಟ್ಟಿರಲಿಲ್ಲ. ಈಗ ಈ ಗುಡ್ಡದ ಏಳು ಗಾಳಿಯಂತ್ರಗಳ ರೆಕ್ಕೆ ಬಡಿದು ಹಕ್ಕಿಗಳು ಸಾಯುತ್ತವೆಯೇ ಎಂದು ನೋಡುವ ಕೆಲಸ. ಎಂಟು ತಿಂಗಳು ಕೊಳ್ಳೇಗಾಲದ ಬಸ್ಸಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬಂದು ಪ್ರತಿ ಕಂಬದ ಬುಡ ಸುತ್ತಿದ್ದರು. ಒಂದು ಪುಕ್ಕವೂ ಸಿಗದೆ 'ಸತ್ತ ಹಕ್ಕಿ: ಸೊನ್ನೆ' ಎಂದು ವರದಿ ಬರೆದಿದ್ದರು. ನಾಳೆ ಅದಕ್ಕೆ ಅಧಿಕಾರಿಗಳ ಸಹಿ ಬಿದ್ದರೆ ಇನ್ನೂ ಹತ್ತು ಯಂತ್ರ ಬರಲಿದ್ದವು.

"ಹಾಲ್ನ ಗರುಡಪ್ಪಂಗೆ ಬುಟ್ಟೆ ಕಣವ್ವಾ" ಎಂದ ಗುರುಮಲ್ಲಪ್ಪ.

"ಯಾವ ಗರುಡ?"

"ರೆಕ್ಕೆ ಬಡ್ದು ಬಿತ್ತಲ್ಲ, ಅದು. ಗರುಡ ಸತ್ರೆ ನಾಯಿಗೆ ಬುಡಕ್ಕಾಯ್ತದಾ? ಹಾಲು ಬುಟ್ಟು ಮಣ್ಣು ಮಾಡ್ಬೇಕು. ನೀವು ಹಕ್ಕಿ ಅಂದ್ರೆ ಪ್ರಾಣ ಬುಡೋರು, ನೋಡಿ ನೊಂದ್ಕತೀರಿ ಅಂತ ಬಸ್ ಬರೋಕ್ ಮುಂಚೇನೇ ಮುಗಿಸ್ತಿನಿ."

ಶೆಡ್ಡಿನ ಹಿಂದೆ, ಹೊಂಗೆಯ ನೆರಳಲ್ಲಿ, ಹನ್ನೊಂದು ಮಣ್ಣಿನ ಗುಡ್ಡೆಗಳಿದ್ದವು. ಒಂದೊಂದರ ಮೇಲೂ ಒಂದು ಕಲ್ಲು.

"ಮೊದಲೇ ಯಾಕೆ ಹೇಳಲಿಲ್ಲ ಗುರುಮಲ್ಲಪ್ಪ?"

"ನೀವೆಲ್ಲಿ ಕೇಳುದ್ರಿ?"

ನಿಜ. ಎಂಟು ತಿಂಗಳು ಅವನ ಟೀ ಕುಡಿದಿದ್ದರು, ಅಷ್ಟೆ.

ವಿಷಯ ತಿಳಿದು ಕಂಪನಿಯ ಮ್ಯಾನೇಜರ್ ಮಹದೇವಪ್ರಸಾದ್ ಜೀಪಿನಲ್ಲಿ ಬಂದ. "ಮೇಡಂ, ಕಲ್ಲಿದ್ದಲು ಸುಟ್ರೆ ಹಕ್ಕಿ ಸಾಯಲ್ವಾ? ಊರಲ್ಲಿ ರಾಗಿ ಮಿಲ್ಲಿಗೆ ಹೋದ್ರೆ ಕರೆಂಟ್ ಇಲ್ಲ."

"ಗಾಳಿಯಂತ್ರ ಬೇಕು ಅಂತ ಮೈಸೂರಲ್ಲಿ ಭಾಷಣ ಮಾಡಿದವಳೂ ನಾನೇ."

"ಅದೇ ಸಭೇಲಿ ಸೊನ್ನೆ ಅಂತಾನೂ ಓದಿದ್ರಿ. ಈಗ ಹನ್ನೊಂದು ಅಂದ್ರೆ ನಿಮ್ಮನ್ನೇ ನೋಡಿ ನಗ್ತಾರೆ."

ಇಪ್ಪತ್ತು ವರ್ಷದ ಹೆಸರು ಸಣ್ಣದಲ್ಲ. ಆದರೂ ಕುಸುಮ ಪುಸ್ತಕ ಬಿಚ್ಚಿ ಕಾವಲುಗಾರನ ಕಡೆ ತಿರುಗಿದರು. "ಯಾವ ಕಂಬದ ಬುಡದಲ್ಲಿ ಸಿಕ್ಕಿದ್ದು?"

"ಒಂಬತ್ತು ಸಿಕ್ಕಿದ್ದು ಕಣಿವೆ ಅಂಚಿನ ಎರಡು ಕಂಬದ ತಾವೇ ಕಣವ್ವಾ. ಗಾಳಿ ಅಲ್ಲೇ ಮೇಲಕ್ಕೆ ಎದ್ದು ಬರೋದು, ಗರುಡ ಅದ್ರಲ್ಲಿ ತೇಲ್ಕಂಡ್ ಬತ್ತವೆ."

"ಇದನ್ನ ಕೇಳಿದ್ದಿದ್ರೆ ಮೊದಲ ವಾರವೇ ಗೊತ್ತಾಗ್ತಿತ್ತು" ಎಂದು ಕುಸುಮ ಬರೆದುಕೊಂಡರು.

ಮಾರನೆಯ ದಿನ ಅವರು ಹಳೆಯ ವರದಿ ವಾಪಸು ಪಡೆದರು. ಹೊಸದರಲ್ಲಿ ಹನ್ನೊಂದು ಎಂದಿತ್ತು. ಮಾಹಿತಿ ಕೊಟ್ಟವರು, ಗುರುಮಲ್ಲಪ್ಪ ಎಂದೂ ಇತ್ತು. ಮುಂದಿನ ವರ್ಷ ಗುಡ್ಡಕ್ಕೆ ಆರು ಯಂತ್ರ ಬಂದವು. ಕಣಿವೆಯ ಅಂಚಿಗೆಂದು ಗುರುತು ಹಾಕಿದ್ದ ನಾಲ್ಕು ಬರಲಿಲ್ಲ.