ಹಳ್ಳದ ಜರಡಿ

"ಹಿಟ್ಟಿನ ಜರಡೀಲಿ ಯಾರಾದ್ರೂ ಮಣ್ಣು ಸೋಸ್ತಾರೇನೇ?"

ಬಡಗಿ ಬಾಗಿಲಲ್ಲಿ ನಿಂತೇ ಗದರಿದ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ ಹೆಂಡತಿ ತಲೆ ಎತ್ತಲಿಲ್ಲ. ಹಳ್ಳದಿಂದ ತಂದ ಕೆಸರು ಜರಡಿಯ ಕಣ್ಣುಗಳನ್ನೆಲ್ಲ ಮುಚ್ಚಿ, ಅದು ತಟ್ಟೆಯೇ ಆಗಿಹೋಗಿತ್ತು.

"ಹಾಗಾದ್ರೆ ನೀವೇ ಒಂದು ಮಾಡಿಕೊಡಿ."

"ಯಾವ ಕೈಯಲ್ಲಿ?"

ಲಕ್ವ ಹೊಡೆದ ಮೇಲೆ ಅವನ ಬಲಗೈ ಮೇಲೇಳುತ್ತಿರಲಿಲ್ಲ. ಉಳಿ, ಗರಗಸಗಳೆಲ್ಲ ಪೆಟ್ಟಿಗೆ ಸೇರಿದ್ದವು. ಆ ಪೆಟ್ಟಿಗೆಯನ್ನು ಒಯ್ಯಲು ಶಿಷ್ಯ ಸಂಜೆ ಬರುವವನಿದ್ದ. ಬಂದು ಒಯ್ಯಿ ಎಂದವನು ಇವನೇ. ಅದಕ್ಕೇ ಹೆಂಡತಿ ಬೆಳಗಿನಿಂದ ಮುಖ ಊದಿಸಿಕೊಂಡಿದ್ದಳು. ಹಳ್ಳದ ದಂಡೆಯಲ್ಲಿ ಬಣ್ಣದ ಗೀರಿದ್ದ ಮಡಕೆ ಚೂರೊಂದು ಸಿಕ್ಕಿದಾಗಿನಿಂದ ಹಳೆಯ ಕಾಲದ್ದನ್ನು ಹುಡುಕುವುದೇ ಅವಳಿಗೆ ಗೀಳು. "ಊರಿಗೇ ಒಂದು ದಾರಿಯಾದ್ರೆ ನಿನಗೇ ಒಂದು ದಾರಿ" ಎಂದು ಅವನು ಗೊಣಗುತ್ತಲೇ ಇದ್ದ.

ಅವಳು ಪೆಟ್ಟಿಗೆಯಿಂದ ಸುತ್ತಿಗೆ ತೆಗೆದುಕೊಂಡು ತಾನೇ ಹಲಗೆ ಜೋಡಿಸತೊಡಗಿದಳು. ಎಷ್ಟು ಹೊತ್ತು ನೋಡಿಯಾನು?

"ಹಲಗೆ ಸೀಳುತ್ತೆ ಕಣೇ! ಮೊಳೆಯ ಮೊನೆ ಮೊದಲು ಮೊಂಡು ಮಾಡು. ಕಡಲೆಕಾಳು ನಿಲ್ಲಬೇಕು, ಅಕ್ಕಿಕಾಳು ಇಳೀಬೇಕು, ಅಂಥ ಜಾಲರಿ ತಾ."

ಮುರಿದ ಮೊಲದ ಗೂಡಿನ ಜಾಲರಿ ಬಂತು. ಸುತ್ತಿಗೆ ಅವನ ಎಡಗೈಗೆ ಬಂತು. ಮೊದಲ ಮೊಳೆಯೇ ಡೊಂಕಾಯಿತು.

"ಹಲಗೆ ಸರಿಯಿಲ್ಲ."

"ಕುಣಿಯಲಾರದವನು ನೆಲ ಡೊಂಕು ಅಂದನಂತೆ," ಎಂದು ಅವಳು ಇನ್ನೊಂದು ಮೊಳೆ ಹಿಡಿದುಕೊಟ್ಟಳು.

ಜರಡಿಯೇನೋ ಆಯಿತು. ಆದರೆ ಒಂದು ಮೂಲೆ ಕೂಡಿಬರದೆ ಹೊರಗೆ ಚಾಚಿಕೊಂಡಿತ್ತು. ಅವನ ಮುಖ ಸಣ್ಣದಾಯಿತು. "ನಾನು ಮಾಡಿದ್ದು ಅಂತ ಯಾರಿಗೂ ಹೇಳಬೇಡ."

ಹಳ್ಳದಲ್ಲಿ ಇಬ್ಬರೂ ಆಚೀಚೆ ಹಿಡಿದು ಜಾಲಾಡಿದರು. ಕೆಸರು ಹೊಗೆಯಂತೆ ಹರಡಿ ಹರಿದುಹೋಯಿತು. ಉಳಿದದ್ದು ಬೇರು, ಬಸವನಹುಳುವಿನ ಚಿಪ್ಪು, ಜೇನುಬಣ್ಣದ ಒಂದು ಕಲ್ಲು.

"ಬರೀ ಕಲ್ಲು," ಎಂದು ಅವಳು ಎಸೆಯಹೊರಟಳು.

"ತಡಿ!"

ಕಲ್ಲಿನ ಒಂದು ಅಂಚನ್ನು ಯಾರೋ ಸಣ್ಣಸಣ್ಣಗೆ, ಸಾಲು ತಪ್ಪದಂತೆ ಕೆತ್ತಿದ್ದರು. "ಇದು ಉಳಿ ಕಣೇ. ಕಬ್ಬಿಣ ಕಾಣದ ಕಾಲದ್ದು."

ಅವಳ ಬಲಗೈಯಲ್ಲಿಟ್ಟು ನೋಡಿದ. ಹೇಗೆ ತಿರುಗಿಸಿದರೂ ಹೆಬ್ಬೆರಳಿಗೆ ಜಾಗ ಸಿಗಲಿಲ್ಲ. ತಾನೇ ತೆಗೆದುಕೊಂಡ. ಎಡಗೈಯ ಹೆಬ್ಬೆರಳು ಅಲ್ಲಿದ್ದ ತಗ್ಗಿಗೆ ತಾನಾಗಿ ಹೋಗಿ ಕೂತಿತು, ತೋರುಬೆರಳು ಬೆನ್ನ ಮೇಲೆ ಒರಗಿತು.

"ಎಡಚ," ಎಂದ. "ಎಷ್ಟು ಸಾವಿರ ವರ್ಷ ಆಯ್ತೋ... ಇದನ್ನ ಹಿಡಿದವನೂ ಎಡಗೈಯಲ್ಲೇ ಕೆಲಸ ಮಾಡ್ತಿದ್ದ ಕಣೇ."

ಅವಳು ಮೊಣಕಾಲುದ್ದದ ನೀರಿನಲ್ಲಿ ಹತ್ತಿರ ಬಂದು, ಅವನ ಹೆಬ್ಬೆರಳು ಕೂತಿದ್ದ ತಗ್ಗನ್ನು ಮುಟ್ಟಿ ನೋಡಿದಳು.

"ಮೇಸ್ತ್ರಿ," ದಂಡೆಯಿಂದ ಶಿಷ್ಯ ಕೂಗಿದ, "ಪೆಟ್ಟಿಗೆ ಎಲ್ಲಿಟ್ಟಿದ್ದೀರಿ?"

ಬಡಗಿ ತಿರುಗಲಿಲ್ಲ. ಹೆಂಡತಿ ಹಿಡಿದಿದ್ದ ಜರಡಿಯ ಚಾಚಿಕೊಂಡ ಮೂಲೆಗೆ ಕಲ್ಲಿನ ಅಂಚು ಇಟ್ಟ.

"ಕೂತ್ಕೊಳ್ಳೋ. ಇದೊಂದು ಮೂಲೆ ಸರಿ ಮಾಡಿ ಬರ್ತೀನಿ."

ಮೆಲ್ಲಗೆ ಎಳೆದ. ಮರದ ತೆಳು ಸುರುಳಿಯೊಂದು ಎದ್ದು, ನೀರಿಗೆ ಬಿದ್ದು, ತಿರುಗುತ್ತ ತಿರುಗುತ್ತ ಹೊರಟಿತು.