ಭೂಕಂಪದ ಮುಯ್ಯಿ

ಬೈಲಹೊಂಗಲದ ಒಂದು ಎಂಜಿನಿಯರಿಂಗ್ ಕಾಲೇಜಿನ ಹಿಂದೆ ಸಂಘಮಿತ್ರಾ ಉಕ್ಕಿನ ಕೊಳವೆಯೊಂದನ್ನು ಕಾಂಕ್ರೀಟಿನಲ್ಲಿ ನೆಟ್ಟಗೆ ಹೂತಿದ್ದಳು. ಅಣುಸ್ಥಾವರದಲ್ಲಿ ಬಿಸಿನೀರು ಹರಿಯುವ ಕೊಳವೆಯ ಜಾತಿಯದೇ ಉಕ್ಕು. ಬುಡದಲ್ಲಿ ಬಿರುಕು, ಅವಳೇ ಕೊಯ್ದದ್ದು. ಬಿರುಕುಬಿಟ್ಟ ಕೊಳವೆ ಒಂದೇ ಕಡೆಯ ಎಳೆತವನ್ನು ತಡೆಯುತ್ತದೆ, ಭೂಕಂಪದಂತೆ ಅತ್ತಿತ್ತ ಜಗ್ಗಿದರೆ ಬೇಗ ಸೋಲುತ್ತದೆ ಎಂಬುದು ಅವಳ ಮೂರು ವರ್ಷದ ಪ್ರಬಂಧ. ಪರೀಕ್ಷಕ ಗೌರೀಶ ಇವತ್ತು ಸಹಿ ಹಾಕದಿದ್ದರೆ ಅದು ರದ್ದಿ.

ಕಾಲೇಜಿನ ಯಂತ್ರ ಒಂದೇ ಕಡೆ ಜಗ್ಗುತ್ತಿತ್ತು. ಇಂಥದೇ ಇನ್ನೊಂದು ಕೊಳವೆ ಅದರಲ್ಲಿ ಆರುನೂರು ಕಿಲೋ ತಡೆದಿತ್ತು. ಅತ್ತಿತ್ತ ಜಗ್ಗಲು ಎರಡು ಜೋಡಿ ಎತ್ತು ಗೊತ್ತು ಮಾಡಿದ್ದಳು. ಪರೀಕ್ಷಕರು ಬಂದದ್ದು ಸೋಮವಾರ. ಅದು ಬಸವಣ್ಣನ ವಾರ, ಅಂದು ಎತ್ತಿಗೆ ಯಾರೂ ನೊಗ ಹೂಡುವುದಿಲ್ಲ. ಹಾಗಾಗಿ ಎತ್ತಿನ ಮಾಲಕರೇ ಜನ ಕಟ್ಟಿಕೊಂಡು ಬಂದರು: ಹೂಲಿಯ ಪರಸಪ್ಪನ ಹನ್ನೆರಡು ಜನ, ಸಂಗೊಳ್ಳಿಯ ಉಳವಪ್ಪನ ಹನ್ನೆರಡು ಜನ.

“ಒಬ್ಬರು ಜಗ್ಗುವಾಗ ಇನ್ನೊಬ್ಬರು ಸಡಲ ಬಿಡ್ರಿ,” ಎಂದಳು.

ಯಾರೂ ಬಿಡಲಿಲ್ಲ. ಎರಡೂ ಕಡೆ ಹಗ್ಗ ಬಿಗಿದು ಕೊಳವೆ ನಡುವೆ ಅಲುಗದೆ ನಿಂತಿತು.

“ಹೂಲಿಯವರು ಸಡಲ ಬಿಟ್ಟರಂತ ಊರಾಗ ಹೇಳಾಕ ಇವರಿಗೆ ಬೇಕಾಗೇತಿ,” ಎಂದ ಪರಸಪ್ಪ.

“ನಿಮ್ಮ ಭೂಕಂಪಕ್ಕ ಭಾಳ ಮಾನ ಮರ್ಯಾದಿ ಐತಲ್ರೀ,” ಎಂದು ಗೌರೀಶ ಗಡಿಯಾರ ನೋಡಿದ.

ಚಹಾ ಕುಡಿಸಿ ಸಮಾಧಾನ ಮಾಡಿದ್ದು ತಪ್ಪಾಯಿತು.

“ನೀವು ಮೊದಲ ಜಗ್ಗರಿ, ಉಳವಪ್ಪಣ್ಣ,” ಎಂದ ಪರಸಪ್ಪ.

“ಛೇ ಛೇ, ದೊಡ್ಡವರು ನೀವು.”

ಅರ್ಧ ತಾಸು ಯಾರೂ ಜಗ್ಗಲಿಲ್ಲ. ಕಡೆಗೆ ಸಂಘಮಿತ್ರಾ ಚೀರಿದಳು: “ಮುಯ್ಯಿ ಅಂತ ತಿಳೀರಿ! ಮದುವ್ಯಾಗ ಅವರು ಒಂದು ಸೀರಿ ಕೊಟ್ಟರ ನೀವು ಅದಕ್ಕಿಂತ ಒಂದು ಕೈ ಹೆಚ್ಚಿಂದು ತಿರುಗಿಸೂದಿಲ್ಲೇನು?”

ಇದು ತಿಳಿಯಿತು. ಹೂಲಿಯವರು ನೂರು ಕಿಲೋ ಕೊಟ್ಟರು. ಸಂಗೊಳ್ಳಿಯವರು ನೂರಾ ಇಪ್ಪತ್ತು ತಿರುಗಿಸಿದರು. ಹಗ್ಗಕ್ಕೆ ಕಟ್ಟಿದ ಮಾಪಕ ನೋಡಿ ಅವಳು ಬರೆಯುತ್ತಾ ಹೋದಳು. ಹದಿನೇಳನೆಯ ಸಲ ಹೂಲಿಯವರು ನಾನೂರಾ ಹತ್ತಕ್ಕೆ ಮುಟ್ಟುತ್ತಿದ್ದಂತೆ ಕೊಳವೆ ಬುಡದಲ್ಲೇ ಮುರಿಯಿತು. ಹನ್ನೆರಡೂ ಜನ ಅಂಗಾತ ಬಿದ್ದರು.

“ಜಗ್ಗಿದಾಗ ಬಿರುಕಿನ ತುದಿ ಮೊಂಡ ಆಗತೈತ್ರಿ, ಸರ್. ವಾಪಸ್ ಒತ್ತಿದಾಗ ಮತ್ತ ಚೂಪ ಆಗತೈತಿ,” ಎಂದಳು.

“ಉಕ್ಕು ಖೋಟಾ ಇರಬೇಕು,” ಎಂದು ಗೌರೀಶ ಪೆನ್ನು ಕಿಸೆಗಿಟ್ಟ. “ಆರುನೂರು ತಡಿಯೂದು ನಾನೂರಕ್ಕ ಹೆಂಗ ಮುರೀತೈತಿ? ಸಹಿ ಆಗೂದಿಲ್ಲ.”

ಅಷ್ಟರಲ್ಲಿ ಉಳವಪ್ಪ ಹಗ್ಗ ಎತ್ತಿಕೊಂಡು ಹೊರಟಿದ್ದ. ಕಡೆಯ ಮುಯ್ಯಿ ಹೂಲಿಯವರದು. ತಿರುಗಿಸದೆ ಸಂಗೊಳ್ಳಿಗೆ ಹೋಗುವಂತಿರಲಿಲ್ಲ. ಕೊಳವೆ ಉಳಿದಿಲ್ಲವೆಂದು ಅವನು ಹಗ್ಗವನ್ನು ಅಂಗಳದ ಹಳೆಯ ಕಬ್ಬಿಣದ ದೀಪದ ಕಂಬಕ್ಕೆ ಕಟ್ಟಿದ. ಕಂಬದ ಬುಡ ತುಕ್ಕು ಹಿಡಿದು ಬಿರಿದಿತ್ತು. ಅದರ ಆಚೆ ಗೌರೀಶನ ಹೊಸ ಕಾರು ನಿಂತಿತ್ತು.

ಸಂಗೊಳ್ಳಿಯವರು ಜಗ್ಗಿದರು. ಕಂಬ ಅವರತ್ತ ಬಾಗಿ ತಡೆಯಿತು. ಕಾರಿದ್ದ ಬದಿಯಿಂದ ಹೂಲಿಯವರು ಅದೇ ಕಂಬಕ್ಕೆ ತಮ್ಮ ಹಗ್ಗ ಕಟ್ಟತೊಡಗಿದರು.

“ಏ! ವಾಪಸ್ ಜಗ್ಗಬ್ಯಾಡ್ರಿ!” ಗೌರೀಶ ಓಡಿದ. “ಬಿರುಕು ಐತಿ ಅದರಾಗ!”

ಸಂಘಮಿತ್ರಾ ಕಡತ ಹಿಡಿದು ಅವನ ಹಿಂದೆಯೇ ಓಡಿದಳು.

“ಒಂದ ಕಡೆ ತಡದದ್ದು ಇನ್ನೊಂದು ಕಡೆ ಯಾಕ ತಡಿಯೂದಿಲ್ಲರಿ, ಸರ್?”

ಗೌರೀಶ ಕಾರಿನ ಮೇಲೆ ಕಡತವಿಟ್ಟು ಮೂರೂ ಕಡೆ ಸಹಿ ಹಾಕಿದ. “ಈಗರ ಅವರಿಗೆ ಹೇಳವಾ!”

ಅವಳು ಹೇಳಿದಳು. ಪರಸಪ್ಪ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ ಅಡ್ಡಡ್ಡ ತಲೆಯಾಡಿಸಿದ.

“ಅವರು ಕೊಟ್ಟಾರ, ತಂಗಿ. ನೀ ಕಾರು ಸರಸಾಕ ಹೇಳು.”