ಹ್ಯಾಂಡಲ್ ಇಲ್ಲದ ಗಾಡಿ

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಹೊಸದಾಗಿ ಎದ್ದ ಅಂಗಡಿ ಸಂಕೀರ್ಣಕ್ಕೆ ಎರಡು ಗಾಡಿಗಳು ಪರೀಕ್ಷೆಗೆಂದು ಬಂದಿದ್ದವು. ಎರಡಕ್ಕೂ ಎರಡೆರಡೇ ಗಾಲಿ. ಮೇಲೆ ನಿಂತವರು ಮುಂದಕ್ಕೆ ಬಾಗಿದರೆ ಮುಂದೆ, ಹಿಂದಕ್ಕೆ ಒರಗಿದರೆ ಹಿಂದೆ. ಬೀಳದಂತೆ ಸಮತೋಲ ಕಾಯುವುದು ಗಾಡಿಯದೇ ಕೆಲಸ. ಒಂದಕ್ಕೆ ಎದೆಮಟ್ಟದ ಹ್ಯಾಂಡಲ್ ಇತ್ತು, ಇನ್ನೊಂದು ಬೋಳು. ಮಾಲೀಕ ಮುಕರ್ರಂ ಸಾಹೇಬರು ಕೊಳ್ಳುವುದು ಒಂದನ್ನೇ. ಅದನ್ನು ಓಡಿಸುವವರೇ ಇನ್ನು ಕಾವಲಿನವರ ಮುಖ್ಯಸ್ಥರು.

ಕಾವಲಿನವರಲ್ಲಿ ದೇವದುರ್ಗದ ಅಮರೇಶ ಹ್ಯಾಂಡಲ್ ಇದ್ದದ್ದನ್ನು ಹಿಡಿದ, ಮೊದಲ ದಿನವೇ ಠೀವಿಯಿಂದ ತಿರುಗಿದ. ಬೋಳು ಗಾಡಿ ಯಾರಿಗೂ ಬೇಡವಾಗಿ ಮೌನೇಶ್ವರಿಯ ಪಾಲಿಗೆ ಉಳಿಯಿತು. ಗಿಲ್ಲೆಸುಗೂರಿನ ಹಮಾಲಿ ಅಯ್ಯಪ್ಪನ ಮಗಳು ಆಕೆ. ಮೊಣಕಾಲು ತರಚಿಸಿಕೊಂಡು, ನಗುವವರನ್ನು ನಗಲು ಬಿಟ್ಟು, ವಾರದೊಳಗೆ ಕಲಿತೇಬಿಟ್ಟಳು. ಕಲಿತ ಮೇಲೆ ನೋಡಿ ಅದರ ಗಮ್ಮತ್ತು: ಎರಡೂ ಕೈ ಖಾಲಿ! ಒಂದರಲ್ಲಿ ವಾಕಿಟಾಕಿ, ಇನ್ನೊಂದರಲ್ಲಿ ಸೀಟಿ. ಮುಖ್ಯಸ್ಥೆ ತಾನೇ ಆಗಬೇಕೆಂಬ ಹಟ ಆಕೆಗಿತ್ತು. ಅದನ್ನು ಮುಚ್ಚಿಡುವ ಜಾಯಮಾನ ಆಕೆಯದಲ್ಲ.

ಪರೀಕ್ಷೆಯ ದಿನ ಅಮರೇಶ ಆಟೋ ತಡೆಯಲು ಒಂದು ಕೈ ಎತ್ತಿದ. ಹ್ಯಾಂಡಲ್ ಉಳಿದ ಕೈಯತ್ತ ವಾಲಿ, ಗಾಡಿ ನೇರ ಹೂವಿನ ಬುಟ್ಟಿಗೆ ನುಗ್ಗಿತು. ಆದರೂ ಹಿಡಿದುಕೊಳ್ಳಲು ಏನೋ ಇತ್ತಲ್ಲ, ಅವನು ಬೀಳಲಿಲ್ಲ. ಮೌನೇಶ್ವರಿ ಮಾತ್ರ ಸೀಟಿ ಊದುತ್ತ, ಎರಡೂ ಕೈಯಿಂದ ಆಟೋ, ಕಾರುಗಳಿಗೆ ದಾರಿ ತೋರಿಸುತ್ತ ನೀರು ಹರಿದಂತೆ ಸಾಗಿದಳು. ಸಾಹೇಬರು ತಲೆದೂಗಿದರು.

ಆಗ ಗೇಟಿನ ಬಳಿ ಅಪ್ಪ ಕಂಡ. ಆಕೆಯೇ ಬರಹೇಳಿದ್ದಳು. ಅಪ್ಪನನ್ನು ಕಂಡರೆ ಬಾಗಿ ಕಾಲು ಮುಟ್ಟುವುದು ಆ ಮನೆಯ ರೂಢಿ. ಬುದ್ಧಿ ಬೇಡವೆನ್ನುವ ಮೊದಲೇ ನಡು ಬಾಗಿತ್ತು. ಗಾಡಿ ಅದನ್ನು ಅಪ್ಪಣೆ ಎಂದುಕೊಂಡು ರೊಯ್ಯನೆ ನುಗ್ಗಿ, ಆಕೆಯನ್ನು ಅಪ್ಪನ ಕಾಲಬುಡಕ್ಕೇ ಕೆಡವಿತು.

ನಗು ಎದ್ದಿತು. ಹ್ಯಾಂಡಲ್ ಇದ್ದದ್ದೇ ವಾಸಿ ಎಂದು ಸಾಹೇಬರು ಅದನ್ನೇ ಕೊಳ್ಳುವುದಾಗಿ ತಿಳಿಸಲು ಫೋನು ಕೈಗೆತ್ತಿಕೊಂಡರು. ಇನ್ನೊಂದೇ ಸುತ್ತು ಎಂದು ಮೌನೇಶ್ವರಿ ಬಿದ್ದಲ್ಲಿಂದಲೇ ಕೇಳಿದಳು. ಆಕೆಗೆ ಅಳು ಬಂದಿತ್ತು. ಒಪ್ಪಿದರು, ಮನಸ್ಸಿಲ್ಲದೆ.

ಅಯ್ಯಪ್ಪ ಮಗಳ ರಟ್ಟೆ ಹಿಡಿದು ಎಬ್ಬಿಸಿದ. ಹತ್ತಿ ತುಂಬಿದ ಅಂಡಿಗೆ ಹೊತ್ತು ಹೊತ್ತು ಅವನ ಬೆನ್ನು ಎಂದೋ ಗೂನಾಗಿತ್ತು.

"ಚೀಲ ಹೊತ್ತು ನಾ ಬಗ್ಗೀನಿ, ಅಷ್ಟು ಸಾಕು," ಎಂದ. "ನೀ ನನಗೂ ಬಗ್ಗಬ್ಯಾಡ. ನೆಟ್ಟಗ ನಿಂತು ಹೋಗವ್ವ."

ಮೌನೇಶ್ವರಿ ಮತ್ತೆ ಹತ್ತಿದಳು. ಆಟೋಗಳನ್ನು ತಡೆದಳು, ಕಾರುಗಳನ್ನು ಸಾಲಿಗೆ ಹಚ್ಚಿದಳು, ಗೇಟಿನತ್ತ ಹೊರಳಿದಳು. ಅಪ್ಪನ ಎದುರು ಬಂದಾಗ ನಡು ಕೂದಲೆಳೆಯಷ್ಟೂ ಬಾಗಲಿಲ್ಲ. ಎರಡೂ ಕೈ ಎದೆಯ ಮುಂದೆ ಜೋಡಿಸಿ, ಅವನ ಕಣ್ಣಿಗೆ ಕಣ್ಣು ಕೊಟ್ಟು, ವೇಗ ತಗ್ಗಿಸದೆ ದಾಟಿದಳು. ಅಮರೇಶ ತನ್ನ ಹ್ಯಾಂಡಲ್ ಮೇಲಿದ್ದ ಕೈಗಳನ್ನೊಮ್ಮೆ ನೋಡಿಕೊಂಡ. ಸಾಹೇಬರು ಹ್ಯಾಂಡಲ್ ಗಾಡಿಯನ್ನು ವಾಪಸು ವ್ಯಾನಿಗೆ ಏರಿಸಲು ಹೇಳಿದರು.

ಗೇಟಿನ ಬಳಿ ಅಯ್ಯಪ್ಪ ಬೆನ್ನನ್ನು ಅದು ಏಳುವಷ್ಟೂ ಎತ್ತಿ ನಿಂತಿದ್ದ. "ಆಕಿ ನನ್ನ ಮಗಳ್ರೀ," ಎಂದು ಪಕ್ಕದವರಿಗೆ ಹೇಳಿದ, ಆಕೆ ಯಾರೆಂದು ಯಾರೂ ಕೇಳಿರಲಿಲ್ಲ.